ಕೊರಳ ನಳಿಕೆ ಜಾರದಂತೆ: ಸೌದಿ ಆಸ್ಪತ್ರೆಗಳಲ್ಲಿ ಟ್ರಕಿಯೋಸ್ಟಮಿ ಸುರಕ್ಷತೆಯ ಪ್ರಶ್ನೆ

ಗಂಟಲುಮಣಿಯ ಕೆಳಗೆ ಶ್ವಾಸನಾಳಕ್ಕೆ ರಂಧ್ರ ಮಾಡಿ, ಅದರೊಳಗೆ ಬಾಗಿದ ನಳಿಕೆಯೊಂದನ್ನು ಇಳಿಸಿ, ರೋಗಿ ಅದರ ಮೂಲಕವೇ ಉಸಿರಾಡುವಂತೆ ಮಾಡುವುದು ಟ್ರಕಿಯೋಸ್ಟಮಿ. ವಾರಗಟ್ಟಲೆ ವೆಂಟಿಲೇಟರ್ ಬೇಕಾದವರಿಗೆ, ತಲೆಗೆ ಪೆಟ್ಟು ಬಿದ್ದು ಪ್ರಜ್ಞೆ ಮರಳದವರಿಗೆ, ಗಂಟಲಿನ ದಾರಿ ಕಟ್ಟಿಹೋದವರಿಗೆ ಇದೇ ಜೀವದಾರಿ. ಈ ನಳಿಕೆ ಬೇಡದ ಹೊತ್ತಿನಲ್ಲಿ, ಯಾರೂ ತೆಗೆಯದೆ, ತಾನಾಗಿ ಹೊರಬಂದರೆ ಮೆದುಳಿಗೆ ಉಳಿಯುವ ಅವಧಿ ಕೆಲವೇ ನಿಮಿಷ. ಇದು ಎಷ್ಟು ಸಲ ಆಗುತ್ತದೆ ಎಂಬುದರಲ್ಲೇ ಒಮ್ಮತವಿಲ್ಲ. ಲೋಕದ ಬೇರೆಬೇರೆ ಆಸ್ಪತ್ರೆಗಳ ವರದಿಗಳು ನೂರಕ್ಕೆ ಒಬ್ಬರಿಗಿಂತ ಕಡಿಮೆ ಎಂಬಲ್ಲಿಂದ ಹದಿನೈದರವರೆಗೂ ಹರಡಿಕೊಂಡಿವೆ.

ಸೌದಿ ಅರೇಬಿಯಾದಲ್ಲಿ ಈ ಪ್ರಶ್ನೆಗೆ ತನ್ನದೇ ಒಂದು ತೂಕವಿದೆ. ಆ ದೇಶದ ಐಸಿಯುಗಳಿಗೆ ರಸ್ತೆ ಅಪಘಾತಗಳು ದಶಕಗಳಿಂದ ಯುವಕರನ್ನು ತಂದು ಹಾಕುತ್ತ ಬಂದಿವೆ. 2010ರಲ್ಲಿ 'ಸಾಹೆರ್' ಎಂಬ ಸಂಚಾರ ಕ್ಯಾಮೆರಾ ವ್ಯವಸ್ಥೆ ತರಲು ಅದೂ ಒಂದು ಕಾರಣ. ಅಲ್ಲಿ ಅತಿತೂಕದ ಸಮಸ್ಯೆಯೂ ದೊಡ್ಡದು. ಹಾಸಿಗೆಯ ಪಕ್ಕದಲ್ಲಿ ನಿಲ್ಲುವ ನರ್ಸ್ ಫಿಲಿಪೀನ್ಸ್‌ನವರೋ, ಕೇರಳದವರೋ, ನಮ್ಮ ಉಡುಪಿ-ಮಂಗಳೂರು ಕಡೆಯವರೋ ಆಗಿರುತ್ತಾರೆ. ರೋಗಿಯ ಮಾತು ಅರಬ್ಬಿ. ಇನ್ನೊಂದು ಹಾಸಿಗೆಯಲ್ಲಿ ಮಲಗಿರುವವನು ಕಟ್ಟಡದಿಂದ ಬಿದ್ದ, ಅರಬ್ಬಿಯೂ ಇಂಗ್ಲಿಷೂ ಬಾರದ ಕೂಲಿಕಾರನಾಗಿರಬಹುದು. ಕರಾವಳಿಯ ಎಷ್ಟೋ ಮನೆಗಳಿಗೆ ಇದು ದೂರದ ಸುದ್ದಿಯಲ್ಲ. ಆ ಐಸಿಯುವಿನಲ್ಲಿ ನರ್ಸ್ ಆಗಿಯೋ ರೋಗಿಯಾಗಿಯೋ ನಮ್ಮವರು ಇದ್ದಾರೆ.

ಆಂಡಲೂಸಿಯಾದಿಂದ ಕೋಪನ್‌ಹೇಗನ್‌ವರೆಗೆ

ಕೊರಳು ಕೊಯ್ದರೆ ಸಾವೇ ಎಂಬ ಭಯ ಬಹು ಹಳೆಯದು. ಅದನ್ನು ಅಲುಗಾಡಿಸಿದವರಲ್ಲಿ ಅರಬ್ಬಿ ವೈದ್ಯರ ಹೆಸರು ಮುಂದಿದೆ. ಹತ್ತನೆಯ ಶತಮಾನದ ಕಾರ್ಡೊಬಾದಲ್ಲಿದ್ದ ಅಲ್-ಜಹ್ರಾವಿ, ತನ್ನ ಕೊರಳನ್ನು ತಾನೇ ಕೊಯ್ದುಕೊಂಡ ಒಬ್ಬ ದಾಸಿಯ ಗಾಯವನ್ನು ಹೊಲಿದು, ಆಕೆ ಬದುಕಿದ್ದನ್ನು ಕಂಡು, ಶ್ವಾಸನಾಳದ ಗಾಯ ಮಾಯುತ್ತದೆ ಎಂದು ಬರೆದಿಟ್ಟ. ಹನ್ನೆರಡನೆಯ ಶತಮಾನದಲ್ಲಿ ಇಬ್ನ್ ಜುಹ್ರ್ ಮೇಕೆಯೊಂದರ ಶ್ವಾಸನಾಳ ಕೊಯ್ದು, ಅದು ವಾಸಿಯಾಗುವವರೆಗೆ ಗಮನಿಸಿದ. 1909ರಲ್ಲಿ ಅಮೆರಿಕದ ಷೆವಲಿಯರ್ ಜಾಕ್ಸನ್ ಶಸ್ತ್ರಕ್ರಿಯೆಯ ಕ್ರಮವನ್ನು ಒಪ್ಪವಾಗಿ ನಿಗದಿಪಡಿಸಿದ ಮೇಲೆ ಅದು ದಿನಬಳಕೆಯ ಚಿಕಿತ್ಸೆಯಾಯಿತು.

ನಳಿಕೆ ಜಾರುವ ಪ್ರಶ್ನೆ ಮಾತ್ರ ಅಷ್ಟು ಹಳೆಯದಲ್ಲ. 1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹಬ್ಬಿದಾಗ ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ತಜ್ಞ ರೋಗಿಗಳ ಕೊರಳಿಗೆ ನಳಿಕೆ ಇರಿಸುವ ದಾರಿ ತೋರಿದ. ವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಕೂತು ಹಗಲೂ ರಾತ್ರಿ ಕೈಯಲ್ಲಿ ಚೀಲ ಒತ್ತಿ ಉಸಿರು ಕೊಟ್ಟರು. ಇಂದಿನ ಐಸಿಯು ಹುಟ್ಟಿದ್ದು ಅಲ್ಲಿ. ಉಸಿರಿಗೆ ಪೂರ್ತಿಯಾಗಿ ನಳಿಕೆಯನ್ನೇ ನೆಚ್ಚಿಕೊಂಡು ವಾರಗಟ್ಟಲೆ ಬದುಕುವ ರೋಗಿ ಹುಟ್ಟಿದ್ದೂ ಅಲ್ಲಿಯೇ. 1960ರಲ್ಲಿ ಸ್ವೀಡನ್ನಿನ ವಿಕಿಂಗ್ ಬ್ಯೋರ್ಕ್, ಶ್ವಾಸನಾಳದ ಮುಂಭಾಗದ ಒಂದು ತುಣುಕನ್ನು ಕೆಳಕ್ಕೆ ಮಡಚಿ ಚರ್ಮಕ್ಕೆ ಹೊಲಿಯುವ ವಿಧಾನ ಹೇಳಿದ. ನಳಿಕೆ ಹೊರಬಂದರೂ ದಾರಿ ಮುಚ್ಚಿಹೋಗಬಾರದು ಎಂಬುದು ಅದರ ಉದ್ದೇಶ. 1985ರಲ್ಲಿ ಪಾಸ್ಕ್ವಾಲೆ ಚಿಯಾಲಿಯಾ ಸೂಜಿ ಚುಚ್ಚಿ, ತಂತಿ ಇಳಿಸಿ, ರಂಧ್ರವನ್ನು ಹಿಗ್ಗಿಸುತ್ತ ಹೋಗುವ ವಿಧಾನ ತಂದ ಮೇಲೆ ಆಪರೇಷನ್ ಥಿಯೇಟರಿನ ಕೆಲಸ ಐಸಿಯುವಿನ ಹಾಸಿಗೆಗೇ ಬಂತು. ಅನುಕೂಲ ಬಹಳವಾಯಿತು. ಆದರೆ ಅಂಗಾಂಶವನ್ನು ಕತ್ತರಿಸದೆ ಹಿಗ್ಗಿಸಿ ಮಾಡಿದ ದಾರಿ ಮೊದಲ ಕೆಲವು ದಿನ ಕೆಸರಿನಿಂದ ಬೆರಳು ತೆಗೆದ ಹಾಗೆ. ನಳಿಕೆ ಈಚೆಗೆ ಬಂದರೆ ಆ ದಾರಿ ಕೂಡಿಕೊಳ್ಳುತ್ತದೆ. ಆದ್ದರಿಂದಲೇ ಮೊದಲ ಬಾರಿ ನಳಿಕೆ ಬದಲಿಸಲು ಶಸ್ತ್ರಕ್ರಿಯೆಯಾದವರಲ್ಲಿ ಐದರಿಂದ ಏಳು ದಿನ, ಹಿಗ್ಗಿಸಿ ಮಾಡಿದವರಲ್ಲಿ ಏಳರಿಂದ ಹತ್ತು ದಿನ ಕಾಯುತ್ತಾರೆ.

ಈ ಅಪಾಯದ ಅಳತೆ ಲೋಕಕ್ಕೆ ಕಣ್ಣಿಗೆ ಕಟ್ಟಿದ್ದು 2011ರಲ್ಲಿ. ಬ್ರಿಟನ್ನಿನ ಅರಿವಳಿಕೆ ತಜ್ಞರು ಉಸಿರುದಾರಿಯ ಅವಘಡಗಳ ಕುರಿತು ನಡೆಸಿದ ನಾಲ್ಕನೆಯ ರಾಷ್ಟ್ರೀಯ ತಪಾಸಣೆ ಆ ವರ್ಷ ಹೊರಬಂತು. ಐಸಿಯುವಿನ ಉಸಿರುದಾರಿ ಅವಘಡಗಳಲ್ಲಿ ಗಂಭೀರ ಹಾನಿಗೂ ಸಾವಿಗೂ ಎಲ್ಲಕ್ಕಿಂತ ದೊಡ್ಡ ಕಾರಣ ಸ್ಥಾನ ತಪ್ಪಿದ ಟ್ರಕಿಯೋಸ್ಟಮಿ ನಳಿಕೆಗಳು, ಅದರಲ್ಲೂ ದಪ್ಪ ದೇಹದವರಿಗೆ ಅಪಾಯ ಹೆಚ್ಚು ಎಂದು ಅದು ಹೇಳಿತು.

ಬಿಗಿಯಾಗಿ ಕಟ್ಟಿ ಎನ್ನುವವರು

ಮೊದಲ ವಾದ ಸರಳ. ನಳಿಕೆ ಸಡಿಲವಿದ್ದರೆ ಜಾರುತ್ತದೆ, ಆದ್ದರಿಂದ ಕಟ್ಟು ಗಟ್ಟಿಯಿರಲಿ. ಹಿಂದೆ ಹತ್ತಿಯ ಲಾಡಿ ಕಟ್ಟಿ ಗಂಟು ಹಾಕುತ್ತಿದ್ದರು. ಈಗ ಹೆಚ್ಚಿನ ಕಡೆ ವೆಲ್ಕ್ರೋ ಪಟ್ಟಿ. ವೆಲ್ಕ್ರೋ ಮೃದು, ಬದಲಿಸುವುದು ಸುಲಭ, ಚರ್ಮ ಕೊಯ್ಯುವುದಿಲ್ಲ. ಆದರೆ ಗೊಂದಲದಲ್ಲಿರುವ ರೋಗಿಗೆ ಅದನ್ನು ಕಿತ್ತುಹಾಕುವುದೂ ಅಷ್ಟೇ ಸುಲಭ. ಪಟ್ಟಿಯ ಕೆಳಗೆ ಒಂದೆರಡು ಬೆರಳು ಆರಾಮವಾಗಿ ಹೋಗಬೇಕು ಎಂಬುದು ಎಲ್ಲ ನರ್ಸುಗಳಿಗೂ ಕಲಿಸುವ ಅಳತೆ. ಮಕ್ಕಳಲ್ಲಿ ಒಂದೇ ಬೆರಳು.

ಈ ಅಳತೆ ಒಮ್ಮೆ ನೋಡಿ ಬಿಡುವಂಥದ್ದಲ್ಲ. ಶಸ್ತ್ರಕ್ರಿಯೆಯ ದಿನ ಕೊರಳು ಬಾತುಕೊಂಡಿರುತ್ತದೆ. ಮೂರನೆಯ ದಿನ ಬಾವು ಇಳಿದಾಗ ಅದೇ ಪಟ್ಟಿ ತೂಗಾಡುತ್ತದೆ. ತಲೆ ಹಿಂದಕ್ಕೆ ಚಾಚಿ ಮಲಗಿದ್ದಾಗ ಕಟ್ಟಿದ ಪಟ್ಟಿ, ರೋಗಿಯನ್ನು ಕೂರಿಸಿ ಗದ್ದ ಮುಂದಕ್ಕೆ ಬಾಗಿದ ಕೂಡಲೇ ಸಡಿಲಾಗುತ್ತದೆ; ಆದ್ದರಿಂದ ತಲೆ ಸ್ವಲ್ಪ ಬಾಗಿಸಿಯೇ ಕಟ್ಟಬೇಕು. ಪಾಳಿಗೊಮ್ಮೆಯಾದರೂ ಬೆರಳು ತೂರಿಸಿ ನೋಡಬೇಕು. ಪಟ್ಟಿ ಬದಲಿಸುವ ಕ್ಷಣವೇ ಅತ್ಯಂತ ಅಪಾಯದ್ದು. ಒಬ್ಬರು ಕೊರಳ ಮೇಲೆ ಕೂರುವ ನಳಿಕೆಯ ರೆಕ್ಕೆಯನ್ನು ಎರಡು ಬೆರಳಿನಿಂದ ಒತ್ತಿ ಹಿಡಿದುಕೊಂಡೇ ಇರಬೇಕು, ಇನ್ನೊಬ್ಬರು ಬದಲಿಸಬೇಕು. ಕೈ ಸಾಲದ ರಾತ್ರಿಪಾಳಿಯಲ್ಲಿ ಒಬ್ಬರೇ ಮಾಡಲು ಹೋದಾಗಲೇ ಅವಘಡವಾಗುವುದು.

ಇನ್ನೂ ಮುಂದೆ ಹೋಗಿ ನಳಿಕೆಯ ರೆಕ್ಕೆಯ ನಾಲ್ಕು ಮೂಲೆಗಳನ್ನು ಚರ್ಮಕ್ಕೆ ಹೊಲಿಯುವವರಿದ್ದಾರೆ. ಮೊದಲ ವಾರ ಇದು ಭದ್ರ ಎಂಬುದನ್ನು ಬಹಳ ಶಸ್ತ್ರತಜ್ಞರು ಒಪ್ಪುತ್ತಾರೆ. ವಿರೋಧಿಸುವವರು ಎರಡು ಮಾತು ಹೇಳುತ್ತಾರೆ. ಹೊಲಿಗೆಯಿದ್ದರೆ ರೆಕ್ಕೆಯ ಕೆಳಗೆ ಒರೆಸಲಾಗುವುದಿಲ್ಲ. ಕಫ ಕೂತು ಚರ್ಮ ಕೊಳೆತು ಒತ್ತಡದ ಹುಣ್ಣಾಗುತ್ತದೆ. ಎರಡನೆಯ ಮಾತು ಹೆಚ್ಚು ಗಂಭೀರ: ಹೊಲಿಗೆ ಹಿಡಿದಿಡುವುದು ಹೊರಗಿನ ರೆಕ್ಕೆಯನ್ನು ಮಾತ್ರ. ಒಳಗಿನ ತುದಿ ಶ್ವಾಸನಾಳ ಬಿಟ್ಟು ಮುಂದಿನ ಅಂಗಾಂಶಕ್ಕೆ ಜಾರಿದ್ದರೂ ಹೊರಗಿನಿಂದ ನೋಡಿದವರಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಪೂರ್ತಿ ಹೊರಬಿದ್ದ ನಳಿಕೆ ಎಲ್ಲರ ಕಣ್ಣಿಗೂ ಬೀಳುತ್ತದೆ, ಅರ್ಧ ಜಾರಿದ್ದು ಯಾರ ಕಣ್ಣಿಗೂ ಬೀಳದೆ ಕೊಲ್ಲುತ್ತದೆ. ಕಫ ಹೀರುವ ಸಕ್ಷನ್ ಕೊಳವೆ ಒಳಗೆ ಇಳಿಯದಿರುವುದು, ನಳಿಕೆಯ ಸುತ್ತಲಿನ ಗಾಳಿಚೀಲ ಉಬ್ಬಿಸಿದ್ದರೂ ರೋಗಿಯ ಬಾಯಿಂದ ಇದ್ದಕ್ಕಿದ್ದಂತೆ ಸ್ವರ ಬರುವುದು, ಕೊರಳು-ಎದೆಯ ಚರ್ಮದಡಿ ಗಾಳಿ ತುಂಬಿ ಮುಟ್ಟಿದರೆ ಚರಚರ ಎನ್ನುವುದು ಇದರ ಸೂಚನೆಗಳು.

ಮಕ್ಕಳ ವಿಷಯದಲ್ಲಿ ವಾದವೇ ಇಲ್ಲ ಎನ್ನಬಹುದು. ಶ್ವಾಸನಾಳದ ಎರಡೂ ಪಕ್ಕಕ್ಕೆ ಒಂದೊಂದು ದಾರ ಹಾಕಿ, ಅದರ ತುದಿಗಳನ್ನು ಎದೆಯ ಮೇಲೆ ಅಂಟಿಸಿಟ್ಟರೆ ನಳಿಕೆ ಬಿದ್ದಾಗ ದಾರ ಎಳೆದು ರಂಧ್ರವನ್ನು ಮುಂದಕ್ಕೆ ತರಬಹುದು. ಬ್ಯೋರ್ಕ್ ವಿಧಾನದ ಬಗ್ಗೆ ಮಾತ್ರ ಶಸ್ತ್ರತಜ್ಞರಲ್ಲಿ ಎರಡು ಪಂಗಡ ಉಳಿದಿದೆ. ನಳಿಕೆ ತೆಗೆದ ಮೇಲೂ ರಂಧ್ರ ಮುಚ್ಚದೆ ಉಳಿದೀತು ಎಂಬುದು ವಿರೋಧಿಗಳ ಆತಂಕ.

ಅಳತೆ ತಪ್ಪಿದೆ ಎನ್ನುವವರು

ಎರಡನೆಯ ವಾದಕ್ಕೆ ಸೌದಿಯಲ್ಲಿ ವಿಶೇಷ ಬಲವಿದೆ. 2013ರ ಸೌದಿ ಆರೋಗ್ಯ ಸಮೀಕ್ಷೆ ಅಲ್ಲಿನ 15 ವರ್ಷ ಮೇಲ್ಪಟ್ಟವರಲ್ಲಿ ಶೇ. 28.7 ಮಂದಿ ಬೊಜ್ಜಿನ ವರ್ಗಕ್ಕೆ ಸೇರುತ್ತಾರೆ ಎಂದು ಕಂಡುಕೊಂಡಿತು. ಮಾಮೂಲಿ ನಳಿಕೆಯ ಉದ್ದವೂ ಬಾಗೂ ಸಾಧಾರಣ ಕೊರಳಿಗೆಂದು ಮಾಡಿದವು. ದಪ್ಪ ಕೊರಳಿನಲ್ಲಿ ಚರ್ಮದಿಂದ ಶ್ವಾಸನಾಳಕ್ಕೆ ಇರುವ ದೂರದಲ್ಲೇ ನಳಿಕೆಯ ಬಹುಪಾಲು ಉದ್ದ ಕಳೆದುಹೋಗಿ, ಒಳಗೆ ಸೇರುವುದು ತುದಿ ಮಾತ್ರ. ರೋಗಿ ಕೆಮ್ಮಿದರೂ, ಮಗ್ಗುಲಾಗಿ ಗದ್ದದ ಮಡಿಕೆ ರೆಕ್ಕೆಯನ್ನು ಎತ್ತಿದರೂ ಆ ತುದಿ ಈಚೆಗೆ ಬರಲು ಸಾಕು. ಪಟ್ಟಿ ಎಷ್ಟು ಬಿಗಿಯಿದ್ದರೂ ಇಲ್ಲಿ ಪ್ರಯೋಜನವಿಲ್ಲ.

ರಿಯಾದ್‌ನ ಕಿಂಗ್ ಅಬ್ದುಲ್ ಅಜೀಜ್ ಮೆಡಿಕಲ್ ಸಿಟಿಯ ಐಸಿಯು ತಜ್ಞರು 2008ರಲ್ಲಿ ಪ್ರಕಟಿಸಿದ ಅಧ್ಯಯನ ಇದೇ ಪ್ರಶ್ನೆಯನ್ನು ಹಿಡಿದದ್ದು. ಹಿಗ್ಗಿಸುವ ವಿಧಾನದ ಟ್ರಕಿಯೋಸ್ಟಮಿ ಆದವರಲ್ಲಿ ಬೊಜ್ಜಿರುವವರಿಗೆ ದೊಡ್ಡ ತೊಡಕುಗಳು ಹೆಚ್ಚು ಎಂದು ಅವರು ಕಂಡರು. ಬ್ರಿಟನ್ನಿನ ತಪಾಸಣೆ ಅದೇ ಮಾತನ್ನು ಹೇಳುವ ಮೂರು ವರ್ಷ ಮೊದಲೇ ಬಂದದ್ದು ಇದು. ಪರಿಹಾರವಾಗಿ ಈ ಪಂಗಡ ಹೇಳುವುದು: ಅಲ್ಟ್ರಾಸೌಂಡ್‌ನಲ್ಲಿ ಚರ್ಮದಿಂದ ಶ್ವಾಸನಾಳಕ್ಕಿರುವ ದೂರ ಅಳೆಯಿರಿ, ಉದ್ದದ ನಳಿಕೆ ಅಥವಾ ರೆಕ್ಕೆಯನ್ನು ಮುಂದೆ-ಹಿಂದೆ ಸರಿಸಬಹುದಾದ ನಳಿಕೆ ಬಳಸಿ, ಇಟ್ಟ ಮೇಲೆ ಕೊಳವೆ ಕ್ಯಾಮೆರಾ ಇಳಿಸಿ ತುದಿ ಎಲ್ಲಿದೆ ನೋಡಿ.

ನನ್ನ ಮಟ್ಟಿಗೆ ಮೊದಲ ವಾರದ ಅವಘಡಗಳಿಗೆ ಅತ್ಯಂತ ಒಪ್ಪುವ ವಿವರಣೆ ಇದು. ತೊಡಕಿರುವುದು ದಾಸ್ತಾನಿನಲ್ಲಿ. ಉದ್ದದ ನಳಿಕೆಗಳು ದುಬಾರಿ, ಎಲ್ಲ ಅಳತೆಗಳೂ ಎಲ್ಲ ಕಡೆ ಇರುವುದಿಲ್ಲ. ಕೆಲವಕ್ಕೆ ತೆಗೆದು ತೊಳೆಯುವ ಒಳನಳಿಕೆ ಇರುವುದಿಲ್ಲವಾದ್ದರಿಂದ ಕಫ ಕಟ್ಟಿಕೊಳ್ಳುವ ಬೇರೊಂದು ಅಪಾಯ ಹೆಗಲೇರುತ್ತದೆ.

ಎಳೆಯುವ ಕೈ ಏನು ಹೇಳುತ್ತಿದೆ

ಎಷ್ಟೋ ನಳಿಕೆಗಳು ಜಾರಿ ಬೀಳುವುದಿಲ್ಲ, ರೋಗಿಯೇ ಕಿತ್ತುಕೊಳ್ಳುತ್ತಾನೆ. ಐಸಿಯುವಿನಲ್ಲಿ ನಿದ್ದೆಗೆಟ್ಟು, ಔಷಧಿಯ ಮಂಪರಿನಲ್ಲಿ ಸನ್ನಿ ಹಿಡಿದವನಿಗೆ ಕೊರಳಿನಲ್ಲಿರುವುದು ಜೀವದಾರಿ ಎಂದು ಗೊತ್ತಿರುವುದಿಲ್ಲ. ಏನೋ ಕುತ್ತಿಗೆ ಹಿಸುಕುತ್ತಿದೆ ಎಂದಷ್ಟೇ ಗೊತ್ತು.

ಕೈ ಕಟ್ಟಿಹಾಕಿ ಎನ್ನುವುದು ಒಂದು ಉತ್ತರ. ಸೌದಿಯಲ್ಲೂ ನಮ್ಮಲ್ಲೂ ಮಣಿಕಟ್ಟಿಗೆ ಬಟ್ಟೆಯ ಪಟ್ಟಿ ಹಾಕಿ ಮಂಚಕ್ಕೆ ಕಟ್ಟುವ ರೂಢಿ ಇದೆ. ಆದರೆ ಬಾಯಿಯ ನಳಿಕೆಯನ್ನು ತಾವೇ ಕಿತ್ತುಕೊಂಡವರ ಕುರಿತ ಹಲವು ದೇಶಗಳ ಅಧ್ಯಯನಗಳಲ್ಲಿ, ಕಿತ್ತುಕೊಂಡವರಲ್ಲಿ ಬಹಳ ಮಂದಿಯ ಕೈ ಆಗ ಕಟ್ಟಿಯೇ ಇತ್ತು. ಕಟ್ಟಿದ್ದರಿಂದಲೇ ಕಿತ್ತರು ಎಂದು ಇದರಿಂದ ಸಿದ್ಧವಾಗುವುದಿಲ್ಲ, ಹೆಚ್ಚು ಒದ್ದಾಡುವವರನ್ನೇ ತಾನೆ ಕಟ್ಟುವುದು? ಆದರೂ ಕಟ್ಟಿದರೆ ಸಾಕು ಎಂಬ ನಂಬಿಕೆ ಅಲ್ಲಿಗೆ ಬಿತ್ತು. ಕಟ್ಟಿದ ಕೈ ಸನ್ನಿಯನ್ನು ಹೆಚ್ಚಿಸುತ್ತದೆ ಎಂಬುದಕ್ಕೆ ಬೆಂಬಲವಿದೆ.

ಇದಕ್ಕೆ ಎದುರಾಗಿ ನಿಂತವರು ಕೇಳುವುದು: ಆ ಕೈ ಏಕೆ ಮೇಲೆ ಹೋಯಿತು? ವೆಂಟಿಲೇಟರಿನ ಕೊಳವೆ ಎಳೆಯುತ್ತಿದೆಯೇ? ಕಫ ಕಟ್ಟಿದೆಯೇ? ನೋವಿದೆಯೇ? ಮೂತ್ರದ ಕೊಳವೆ ಕಟ್ಟಿಕೊಂಡಿದೆಯೇ? ಕೊರಳಿಗೆ ನಳಿಕೆ ಬಿದ್ದವನಿಗೆ ಸ್ವರವಿಲ್ಲ. ನರ್ಸಿಗೆ ಅವನ ಭಾಷೆಯಿಲ್ಲ. ಮಂಗಳೂರಿನಿಂದ ಹೋದ ನರ್ಸ್ ಆರು ತಿಂಗಳಲ್ಲಿ 'ಮೋಯಾ' ಎಂದರೆ ನೀರು, 'ಅಲಮ್' ಎಂದರೆ ನೋವು ಎಂದು ಕಲಿತಿರುತ್ತಾರೆ. ಆದರೆ ಸ್ವರವಿಲ್ಲದ ತುಟಿಗಳ ಚಲನೆಯಲ್ಲಿ ಅರಬ್ಬಿ ಓದುವುದು ಬೇರೆಯೇ ವಿದ್ಯೆ. ಚಿತ್ರಗಳಿರುವ ಅರಬ್ಬಿ ಫಲಕ, ಸ್ಥಿತಿ ಸುಧಾರಿಸಿದವರಿಗೆ ಗಾಳಿಚೀಲವನ್ನು ಕಡ್ಡಾಯವಾಗಿ ಇಳಿಸಿ ಹಾಕುವ ಮಾತಿನ ಕವಾಟ, ರಾತ್ರಿ ದೀಪ ಆರಿಸಿ ನಿದ್ದೆಗೆ ಬಿಡುವುದು, ಎಷ್ಟು ಬೇಗ ಸಾಧ್ಯವೋ ಅಷ್ಟು ಬೇಗ ಕೂರಿಸುವುದು ಈ ಪಂಗಡದ ಸಲಕರಣೆಗಳು.

ಸೌದಿ ಆಸ್ಪತ್ರೆಗಳ ಬಳಿ ಇನ್ನೊಂದು ಶಕ್ತಿ ಇದೆ, ಮುರಾಫಿಕ್. ರೋಗಿಯ ಜೊತೆ ಕೂರುವ ಮನೆಯವರನ್ನು ಅಲ್ಲಿ ಹಾಗೆನ್ನುತ್ತಾರೆ. ಮಗನ ಕೈ ಹಿಡಿದು ಕೂತ ಒಬ್ಬ ತಾಯಿ, ಕೈಕಟ್ಟು ಮಾಡಲಾಗದ ಕೆಲಸವನ್ನು ಮಾಡಬಲ್ಲಳು. ಅದೇ ಮುರಾಫಿಕ್ ಪ್ರೀತಿಯಿಂದ ರೋಗಿಯನ್ನು ಮೇಲಕ್ಕೆಳೆದು ದಿಂಬು ಸರಿಪಡಿಸುವಾಗ ನಳಿಕೆ ಎಳೆದುಬರುವುದೂ ಸಾಧ್ಯ. ಅವರನ್ನು ಹೊರಗಿಡಬೇಕೋ, ಕಲಿಸಿ ಒಳಗೆ ಸೇರಿಸಿಕೊಳ್ಳಬೇಕೋ ಎಂದರೆ ಕಲಿಸಿ ಎನ್ನುವವರ ಕಡೆಗೇ ನಾನು. ಕೂಲಿಕಾರ ರೋಗಿಗೆ ಮಾತ್ರ ಮುರಾಫಿಕ್ ಇರುವುದಿಲ್ಲ. ಅವನ ಪಕ್ಕ ಕೂತು 'ಅಣ್ಣಾ, ಕೈ ಹಾಕಬೇಡ, ಉಸಿರಿನ ಪೈಪು ಅದು' ಎಂದು ಅವನ ಮಾತಿನಲ್ಲೇ ಹೇಳುವ ಒಬ್ಬರನ್ನು ಹುಡುಕಿ ತರುವುದೂ ಚಿಕಿತ್ಸೆಯ ಭಾಗವೇ.

ತಂಡ, ಪಾಳಿ, ಮಗ್ಗುಲು

ನಾಲ್ಕನೆಯ ಪಂಗಡ ನಳಿಕೆಯನ್ನೂ ನೋಡುವುದಿಲ್ಲ, ರೋಗಿಯ ಕೈಯನ್ನೂ ನೋಡುವುದಿಲ್ಲ, ವಾರ್ಡನ್ನು ನೋಡುತ್ತದೆ. ದೀರ್ಘಕಾಲದ ರೋಗಿಗಳಿರುವ ಅಮೆರಿಕದ ಆಸ್ಪತ್ರೆಯೊಂದರ ಅಧ್ಯಯನದಲ್ಲಿ ನಳಿಕೆ ಜಾರುವುದರ ಜೊತೆ ಕಾಣಿಸಿಕೊಂಡದ್ದು ಮೂರು: ರೋಗಿಯ ಮನಸ್ಥಿತಿಯ ಏರುಪೇರು, ಹೆಚ್ಚಿದ ಕಫ, ಮತ್ತು ಪಾಳಿ ಬದಲಾವಣೆ. ಮೂರನೆಯದು ರೋಗಿಯಲ್ಲಿರುವುದಲ್ಲ, ನಮ್ಮಲ್ಲಿರುವುದು.

ಮಗ್ಗುಲು ಬದಲಿಸುವುದನ್ನೇ ನೋಡಿ. ಒತ್ತಡದ ಹುಣ್ಣಾಗಬಾರದೆಂದು ಎರಡು ಗಂಟೆಗೊಮ್ಮೆ ಮಾಡುವ ಕೆಲಸ. ವೆಂಟಿಲೇಟರಿನ ಎರಡು ಕೊಳವೆಗಳು ನೀರಿನ ಹನಿ ತುಂಬಿ ಭಾರವಾಗಿ ಮಂಚದ ಒಂದು ಬದಿಗೆ ಜೋತಿರುತ್ತವೆ. ರೋಗಿಯನ್ನು ಆಚೆ ಬದಿಗೆ ಹೊರಳಿಸಿದರೆ ಕೊಳವೆ ಬಿಗಿಯಾಗಿ ನಳಿಕೆಯನ್ನು ಎಳೆಯುತ್ತದೆ. ಕ್ರಮವಾಗಿ ಮಾಡುವ ಕಡೆ ಒಬ್ಬರ ಕೆಲಸ ನಳಿಕೆ ಹಿಡಿಯುವುದೊಂದೇ, 'ಒಂದು, ಎರಡು, ಮೂರು' ಎನ್ನುವವರೂ ಅವರೇ. ಮೊದಲು ಕೊಳವೆಯ ನೀರು ಚೆಲ್ಲಿ, ಕೊಳವೆ ಹಿಡಿದಿರುವ ತೋಳನ್ನು ಬಿಡಿಸಿ, ಹೊರಳಿಸುವ ಬದಿಗೆ ಕೊಳವೆ ಸಡಿಲ ಬಿಡುತ್ತಾರೆ. ತಾಳಬಲ್ಲ ರೋಗಿಗೆ ಆ ಎರಡು ಕ್ಷಣ ಕೊಳವೆಯನ್ನೇ ಕಳಚುತ್ತಾರೆ. ಮುಗಿದ ಮೇಲೆ ಎದೆ ಎರಡೂ ಕಡೆ ಏರುತ್ತಿದೆಯೇ ನೋಡಿ, ಸಕ್ಷನ್ ಕೊಳವೆ ಇಳಿಸಿ ನೋಡುತ್ತಾರೆ. ಒಂದೂ ದುಬಾರಿಯಲ್ಲ. ಬೇಕಾದ್ದು ಸಾಕಷ್ಟು ಕೈಗಳು.

2012ರಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಟ್ರಕಿಯೋಸ್ಟಮಿ ಸುರಕ್ಷತಾ ಯೋಜನೆ ತನ್ನ ಮಾರ್ಗಸೂಚಿ ಪ್ರಕಟಿಸಿತು. ಅದೇ ವರ್ಷ ಹಲವು ದೇಶಗಳ ಆಸ್ಪತ್ರೆಗಳನ್ನು ಕೂಡಿಸಿದ ಜಾಗತಿಕ ಟ್ರಕಿಯೋಸ್ಟಮಿ ಸಹಯೋಗ ಶುರುವಾಯಿತು. ಶಸ್ತ್ರತಜ್ಞ, ಐಸಿಯು ವೈದ್ಯ, ನರ್ಸ್, ರೆಸ್ಪಿರೇಟರಿ ಥೆರಪಿಸ್ಟ್, ಮಾತಿನ ಚಿಕಿತ್ಸಕ ಒಟ್ಟಾಗಿ ವಾರಕ್ಕೊಮ್ಮೆ ಎಲ್ಲ ಟ್ರಕಿಯೋಸ್ಟಮಿ ರೋಗಿಗಳನ್ನು ನೋಡುವುದು ಈ ಪಂಗಡದ ತಿರುಳು. ಸೌದಿಗೆ ಇಲ್ಲಿ ಅನುಕೂಲವಿದೆ. ರೆಸ್ಪಿರೇಟರಿ ಥೆರಪಿ ಅಲ್ಲಿ ಗಟ್ಟಿಯಾಗಿ ಬೇರೂರಿದ ವೃತ್ತಿ. ಮಣಿಪಾಲದಲ್ಲಿ ಅದನ್ನು ಕಲಿತವರಿಗೆ ಗಲ್ಫ್ ಹೊಸ ಊರಲ್ಲ. 2005ರಲ್ಲಿ ಹುಟ್ಟಿದ ಮಾನ್ಯತಾ ಮಂಡಳಿ ಸಿಬಾಹಿ, 2017ರಲ್ಲಿ ಸ್ಥಾಪನೆಯಾದ ಸೌದಿ ರೋಗಿ ಸುರಕ್ಷತಾ ಕೇಂದ್ರ ಇವೆರಡೂ ಅವಘಡಗಳನ್ನು ದಾಖಲಿಸುವ ರೂಢಿಯನ್ನು ಬಲಪಡಿಸಿವೆ. ಕೆಲಸ ಹೋದೀತೆಂದು ಹೆದರುವ ವಲಸೆ ನರ್ಸ್ ಅರ್ಧ ಜಾರಿದ ನಳಿಕೆಯನ್ನು ಸರಿಪಡಿಸಿ, ಬರೆಯದೆ ಬಿಟ್ಟರೆ ಮಾತ್ರ ಯಾವ ಮಂಡಳಿಗೂ ತಿಳಿಯುವುದಿಲ್ಲ. ಬರೆದವರಿಗೆ ಶಿಕ್ಷೆಯಿಲ್ಲ ಎಂಬ ಭರವಸೆ ಕಾಗದದಿಂದ ಪಾಳಿಯ ಕೋಣೆಗೆ ಇಳಿಯಬೇಕು.

ಬಿದ್ದೇ ಬೀಳುತ್ತದೆ, ಸಿದ್ಧರಾಗಿ ಎನ್ನುವವರು

ಕೊನೆಯ ಪಂಗಡಕ್ಕೆ ತಡೆಗಿಂತ ಮುಖ್ಯ ಸಿದ್ಧತೆ. ಮಂಚದ ಬಳಿಯ ಪೆಟ್ಟಿಗೆಯಲ್ಲಿ ಅದೇ ಅಳತೆಯ ಒಂದು, ಒಂದು ಅಳತೆ ಚಿಕ್ಕದೊಂದು ನಳಿಕೆ, ರಂಧ್ರ ಅಗಲಿಸುವ ಇಕ್ಕಳ, ಸಕ್ಷನ್, ಕೈಯಲ್ಲಿ ಒತ್ತಿ ಉಸಿರು ಕೊಡುವ ಚೀಲ. ತಲೆಯ ಮೇಲಿನ ಫಲಕದಲ್ಲಿ ಯಾವ ದಿನ ಮಾಡಿದ್ದು, ಯಾವ ವಿಧಾನ, ಬಾಯಿಯ ದಾರಿ ತೆರೆದಿದೆಯೇ. ಬ್ರಿಟಿಷ್ ಮಾದರಿಯಲ್ಲಿ ಟ್ರಕಿಯೋಸ್ಟಮಿಗೆ ಹಸಿರು ಫಲಕ. ಧ್ವನಿಪೆಟ್ಟಿಗೆಯನ್ನೇ ತೆಗೆದವರಿಗೆ ಕೆಂಪು, ಏಕೆಂದರೆ ಅವರಿಗೆ ಬಾಯಿ-ಮೂಗಿನಿಂದ ಕೊಟ್ಟ ಆಮ್ಲಜನಕ ಶ್ವಾಸಕೋಶ ತಲುಪುವುದೇ ಇಲ್ಲ. ಉಳಿದವರಿಗೆ ಮುಖಕ್ಕೂ ಕೊರಳಿಗೂ ಆಮ್ಲಜನಕ ಕೊಡಬೇಕು. ಮೊದಲ ವಾರದಲ್ಲಿ ಬಿದ್ದ ನಳಿಕೆಯನ್ನು ಕಣ್ಣುಮುಚ್ಚಿ ಒಳತಳ್ಳುವುದು ಅನಾಹುತ. ರಂಧ್ರ ಮುಚ್ಚಿ ಬಾಯಿಯ ದಾರಿಯಲ್ಲಿ ಉಸಿರು ಕೊಡುವುದೇ ಲೇಸು. ಉಸಿರಿನ ಕಾರ್ಬನ್ ಡೈಆಕ್ಸೈಡ್ ಅಲೆಯನ್ನು ತೋರಿಸುವ ಕ್ಯಾಪ್ನೋಗ್ರಾಫ್ ಅರ್ಧ ಜಾರಿದ್ದನ್ನೂ ಹಿಡಿದುಕೊಡುತ್ತದೆ. 2011ರ ತಪಾಸಣೆ, ತಾನು ದಾಖಲಿಸಿದ ಐಸಿಯು ಸಾವುಗಳಲ್ಲಿ ಶೇ. 70ಕ್ಕೂ ಹೆಚ್ಚಿನವಕ್ಕೆ ಇದರ ಬಳಕೆ ಇಲ್ಲದ್ದು ಕಾರಣಗಳಲ್ಲೊಂದು ಎಂದಿತು. ಈ ವಾದವನ್ನು ತಡೆಯ ವಿರೋಧಿ ಎಂದು ಓದುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಎರಡೂ ಒಂದೇ ಮಂಚದ ಬಳಿಯ ಕೆಲಸ.

ಮನೆಗೆ ಹೋದ ನಳಿಕೆ

1980ರ ದಶಕದ ಕೊನೆಯಲ್ಲಿ ರಿಯಾದ್‌ನ ಧರ್ಮಪೀಠ, ಮೂವರು ನಂಬಲರ್ಹ ವೈದ್ಯರು ಒಪ್ಪಿದರೆ ಫಲವಿಲ್ಲದ ಪುನಶ್ಚೇತನ ಬೇಡ ಎಂದು ಫತ್ವಾ ಕೊಟ್ಟಿತು. ಆದರೂ ಕೊರಳಿಗೆ ನಳಿಕೆಯಿರುವ, ಪ್ರಜ್ಞೆ ಮರಳದವರನ್ನು ವರ್ಷಗಟ್ಟಲೆ ಸಾಕುವ ಕುಟುಂಬಗಳು ಬಹಳ. ಆಸ್ಪತ್ರೆಯ ಹಾಸಿಗೆ ತುಂಬಿದಾಗ ಆ ರೋಗಿಗಳಲ್ಲಿ ಕೆಲವರು ಗೃಹ ಆರೈಕೆಯ ಆಸರೆಯಲ್ಲಿ ಮನೆಗೆ ಹೋಗುತ್ತಾರೆ. ಅಲ್ಲಿ ಪಟ್ಟಿ ಬದಲಿಸುವವರು ತಾಯಿ, ಅಕ್ಕ ಅಥವಾ ಮನೆಗೆಲಸದ ಹೆಂಗಸು. ಮಾಗಿದ ರಂಧ್ರದಲ್ಲಿ ಹೊಸ ನಳಿಕೆ ತೂರಿಸಲು ಅವರಿಗೆ ಬರಬೇಕು, ಬಿಡುಗಡೆಗೆ ಮುನ್ನ ಗೊಂಬೆಯ ಮೇಲಾದರೂ ಮಾಡಿಸಬೇಕು. ಸ್ಟ್ರೆಚರಿನಲ್ಲಿ ವಿಮಾನವೇರಿ ಊರಿಗೆ ಮರಳುವ ನಮ್ಮ ಕಾರ್ಮಿಕರದ್ದು ಇನ್ನೊಂದು ಕಥೆ. ಎತ್ತರಕ್ಕೇರಿದಂತೆ ಗಾಳಿಚೀಲ ಹಿಗ್ಗುತ್ತದೆ, ಇಳಿಯುವಾಗ ಕುಗ್ಗುತ್ತದೆ. ಜೊತೆಗಿರುವವರು ಅದರ ಒತ್ತಡವನ್ನು 20ರಿಂದ 30 ಸೆಂಟಿಮೀಟರ್ ನೀರಿನಷ್ಟರಲ್ಲಿ ಕಾಯ್ದುಕೊಳ್ಳಬೇಕು. ಮಂಚದಿಂದ ಆಂಬುಲೆನ್ಸಿಗೆ, ಅಲ್ಲಿಂದ ವಿಮಾನಕ್ಕೆ ಎತ್ತಿ ಇಳಿಸುವ ಪ್ರತಿ ಸಲವೂ ನಳಿಕೆಗೆ ಒಂದು ಪರೀಕ್ಷೆ.

ಇನ್ನೂ ತೀರ್ಮಾನವಾಗದ್ದು

ಎಣಿಸುವ ಕ್ರಮವೇ ಮೊದಲ ತಕರಾರು. ನೂರು ರೋಗಿಗಳಿಗೆ ಎಷ್ಟು ಎಂದೋ, ಸಾವಿರ ನಳಿಕೆ-ದಿನಗಳಿಗೆ ಎಷ್ಟು ಎಂದೋ? ಅರ್ಧ ಜಾರಿದ್ದು ಲೆಕ್ಕಕ್ಕೋ ಇಲ್ಲವೋ? ಇದು ಒಂದಾಗದೆ ರಿಯಾದ್‌ನ ಅಂಕಿಯನ್ನು ಜಿದ್ದಾದ ಪಕ್ಕದಲ್ಲಿಟ್ಟು ನೋಡಲಾಗುವುದಿಲ್ಲ. ಹೊಲಿಗೆ ಯಾರಿಗೆ ಬೇಕು, ಎಷ್ಟು ದಿನ ಎಂಬುದಕ್ಕೆ ದೊಡ್ಡ ತುಲನಾತ್ಮಕ ಪರೀಕ್ಷೆಯ ಉತ್ತರವಿಲ್ಲ. ಶಸ್ತ್ರತಜ್ಞರ ಅಭ್ಯಾಸವೇ ನಡೆಯುತ್ತಿದೆ. ಬಿಗಿ ಕಟ್ಟಿದರೆ ಹುಣ್ಣು, ಸಡಿಲ ಬಿಟ್ಟರೆ ಜಾರುವಿಕೆ, ಎರಡನ್ನೂ ಗುಣಮಟ್ಟದ ಸೂಚ್ಯಂಕವಾಗಿ ಅಳೆಯುವ ಆಸ್ಪತ್ರೆಯಲ್ಲಿ ನರ್ಸ್ ಯಾವುದಕ್ಕೆ ಹೆಚ್ಚು ಹೆದರಬೇಕು? ಕೈಕಟ್ಟು ಬಿಟ್ಟು ಮಾತಿನ ದಾರಿ ಹಿಡಿದರೆ ನಳಿಕೆ ಕೀಳುವುದು ಎಷ್ಟು ಕಡಿಮೆಯಾಗುತ್ತದೆ ಎಂಬುದನ್ನು ನರ್ಸಿನ ಭಾಷೆ ಒಂದು, ರೋಗಿಯ ಭಾಷೆ ಇನ್ನೊಂದು ಆಗಿರುವ ವಾರ್ಡುಗಳಲ್ಲೇ ಅಳೆಯಬೇಕು. ಇಂಗ್ಲೆಂಡ್, ಅಮೆರಿಕದ ಉತ್ತರ ಅಂಥ ವಾರ್ಡುಗಳಿಗೆ ಹಾಗೇ ಹೊಂದುವುದಿಲ್ಲ. ಐಸಿಯುವಿನಿಂದ ಸಾಮಾನ್ಯ ವಾರ್ಡಿಗೆ ಹೋದ ರೋಗಿಯ ನಳಿಕೆ ಯಾರ ಜವಾಬ್ದಾರಿ ಎಂಬುದೂ ಆಸ್ಪತ್ರೆಯಿಂದ ಆಸ್ಪತ್ರೆಗೆ ಬೇರೆ. ಮನೆಗೆ ಹೋದವರಲ್ಲಿ, ಮುಖ್ಯವಾಗಿ ಮಕ್ಕಳಲ್ಲಿ, ರಾತ್ರಿ ಬಿದ್ದ ನಳಿಕೆಗಳನ್ನು ಯಾವ ದಾಖಲೆ ಪುಸ್ತಕ ಲೆಕ್ಕ ಹಿಡಿಯಬೇಕು ಎಂಬುದಂತೂ ಅಲ್ಲೂ ನಮ್ಮಲ್ಲೂ ಇನ್ನೂ ತೆರೆದೇ ಇರುವ ಪ್ರಶ್ನೆ.